ಮಹಡಿಯಿಂದ ಬಾರದ ಗಂಟೆ

"ಇವನಿಗೆ ತಂತಿ ಸುತ್ತೋದು ಬಿಟ್ರೆ ಬೇರೇನೂ ಬರಲ್ಲ. ಶೆಡ್ಡು ನನ್ನ ಅಳಿಯನಿಗೇ ಇರಲಿ," ಎಂದು ಅಣ್ಣ ಬಂದವರೆದುರು ನಕ್ಕು ಹೇಳಿದ ದಿನವೇ ತಮ್ಮನ ಮನಸ್ಸು ಮುರಿಯಿತು. ಹಿತ್ತಲಿನ ಆ ರಿಪೇರಿ ಶೆಡ್ಡೇ ಅವನ ಪ್ರಪಂಚ. ಮನೆಯ ನಾಲ್ಕು ಫೋನುಗಳನ್ನು ಜೋಡಿಸುವ ಪೆಟ್ಟಿಗೆಯನ್ನು ಅವನು ಕಟ್ಟಿದ್ದೂ ಅಲ್ಲೇ, ಹಳೆಯ ರೇಡಿಯೋಗಳ ಸ್ವಿಚ್ಚು, ಬಲ್ಬು ಕಿತ್ತು. ಒಂದು ಫೋನು ಶೆಡ್ಡಿನಲ್ಲಿ, ಒಂದು ಅತ್ತಿಗೆಯ ಹೊಲಿಗೆ ಕೋಣೆಯಲ್ಲಿ, ಒಂದು ಗೇಟಿನ ಕಾವಲಿನವನ ಹತ್ತಿರ, ಇನ್ನೊಂದು ಮಹಡಿಯಲ್ಲಿ ಎದೆನೋವಿನ ಅಣ್ಣನ ಮಂಚದ ಪಕ್ಕ. ಅಣ್ಣ ಗುಂಡಿ ಒತ್ತಿದರೆ ಬೇಕಾದ ಕಡೆ ಗಂಟೆ ಹೊಡೆಯುತ್ತಿತ್ತು. ದಿನವಿಡೀ ಹೊಡೆಯುತ್ತಿತ್ತು. ನೀರು ತಾ, ಕಿಟಕಿ ಹಾಕು, ಫ್ಯಾನ್ ನಿಲ್ಲಿಸು.

ಆ ಗಂಟೆ ಒಂದು ಮಧ್ಯಾಹ್ನ ಹೊಡೆಯದೇ ಹೋದರೆ?

ಯೋಚನೆ ಬಂದಾಗ ಅವನಿಗೇ ಬೆವರಿಳಿಯಿತು. ಆದರೆ ಬಂದದ್ದು ಹೋಗಲಿಲ್ಲ. ವಿಷ ಬೇಡ, ಚಾಕು ಬೇಡ. ಪೆಟ್ಟಿಗೆಯಲ್ಲಿ, ಮಹಡಿಯ ಗುಂಡಿಯಿಂದ ಬರುವ ತಂತಿಯ ಸ್ಕ್ರೂ ಸಡಿಲಿಸಿದರಾಯಿತು. ಸಿಟ್ಟು ನೆತ್ತಿಗೇರಿದರೆ ಅಣ್ಣನ ಎದೆ ಹಿಡಿದುಕೊಳ್ಳುತ್ತದೆ. ಅಣ್ಣನಿಗೆ ಸಿಟ್ಟು ಬರಿಸುವುದು ಎಂದೂ ಕಷ್ಟವಿರಲಿಲ್ಲ. ನಾಲಿಗೆಯಡಿ ಇಡುವ ಮಾತ್ರೆ ಕೈಗೆ ಸಿಗಬಾರದು, ಅಷ್ಟೆ. ಮುಗಿದ ಮೇಲೆ ಸ್ಕ್ರೂ ಬಿಗಿಮಾಡಿ, ಮಾತ್ರೆಯ ಸೀಸೆ ಇದ್ದಲ್ಲೇ ಇಟ್ಟು, ಎಲ್ಲರಿಗಿಂತ ಜೋರಾಗಿ ಅಳಬೇಕು.

ಊಟವಾಗಿ ಹೊಲಿಗೆ ಮಷೀನಿನ ಸದ್ದು ಶುರುವಾದಾಗ, ಸ್ಕ್ರೂ ಸಡಿಲಿಸಿ ಮೇಲೆ ಹೋದ.

"ಶೆಡ್ಡು ಬಿಡಲ್ಲ. ನಿನ್ನ ಅಳಿಯ ಅಲ್ಲಿ ಕಾಲಿಡಲಿ, ನೋಡ್ತೀನಿ."

"ಯಾರಪ್ಪನ ಮನೆ ಅಂದ್ಕೊಂಡಿದ್ದೀಯೋ?"

"ನಿಂಗೂ ನಂಗೂ ಒಬ್ನೇ ಅಪ್ಪ ಅಲ್ವಾ?"

ಕೂಗಾಡುತ್ತ ಎದ್ದ ಅಣ್ಣ ಹಾಗೇ ಕುಸಿದು ಕುಳಿತ. ಒಂದು ಕೈ ಎದೆಯ ಮೇಲೆ, ಇನ್ನೊಂದು ಮಾತ್ರೆಗಾಗಿ ಮೇಜು ತಡಕಾಡುತ್ತಿತ್ತು. ಸೀಸೆ ಆಗಲೇ ತಮ್ಮನ ಜೇಬು ಸೇರಿತ್ತು. "ಅತ್ತಿಗೇನ ಕರೀತೀನಿ" ಎಂದು ಬಾಗಿಲೆಳೆದುಕೊಂಡು ಇಳಿದುಬಿಟ್ಟ.

ಶೆಡ್ಡಿನ ಸ್ಟೂಲಿನ ಮೇಲೆ ಕುಳಿತು ಪೆಟ್ಟಿಗೆಯನ್ನೇ ನೋಡಿದ. ಅಲುಗಾಡಿದಾಗಲೆಲ್ಲ ಜೇಬಿನಲ್ಲಿ ಮಾತ್ರೆಗಳು ಗಲಗಲ ಎನ್ನುತ್ತಿದ್ದವು. ಓಡಿಹೋಗಿ ಕೊಟ್ಟುಬಿಟ್ಟರೆ? ಅರ್ಧ ಎದ್ದು ಮತ್ತೆ ಕುಳಿತ. ಅಷ್ಟರಲ್ಲಿ ಗಂಟೆ ಹೊಡೆದು ಅವನ ಜೀವ ಬಾಯಿಗೆ ಬಂತು. ಪೆಟ್ಟಿಗೆಯ ಮೇಲೆ ಕೋಣೆಗೊಂದರಂತೆ ಇದ್ದ ದೀಪಗಳಲ್ಲಿ ಉರಿದದ್ದು ಹೊಲಿಗೆ ಕೋಣೆಯದು. ರಿಸೀವರ್ ಎತ್ತಿದ.

"ದಾರ ತುಂಡಾಯ್ತು ಅಂತ ಮಷೀನು ನಿಲ್ಸಿದ್ದೆ. ಮೇಲೆ ಏನಪ್ಪಾ ಅದು, ಜೋರು ಮಾತು?" ಅತ್ತಿಗೆ ಕೇಳಿದಳು.

"ಏನಿಲ್ಲ ಅತ್ತಿಗೆ. ಮಾತ್ರೆ ಕೊಟ್ಟು ಮಲಗಿಸಿ ಬಂದೆ. ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸೋಕೆ ಹೋಗ್ಬೇಡಿ."

ಎಷ್ಟು ಸಲೀಸಾಗಿ ಬಂತು ಮಾತು!

ಫೋನಿನಲ್ಲಿ ಅತ್ತಿಗೆಯ ಉಸಿರಿನ ಜೊತೆ ಇನ್ನೊಂದು ಉಸಿರು, ಎಳೆದೆಳೆದು ಬರುವಂಥದ್ದು, ಅವನ ಕಿವಿಗೆ ಬಿತ್ತು. ಅವನು ಸಡಿಲಿಸಿದ್ದು ಗಂಟೆಯ ತಂತಿಯನ್ನು ಮಾತ್ರ. ಗಂಟೆಗೆ ಕೋಣೆಗೊಂದು ತಂತಿ ಎಳೆದಿದ್ದವನು, ಮಾತಿಗೆ ಮಾತ್ರ ನಾಲ್ಕೂ ಫೋನುಗಳಿಗೆ ಸೇರಿ ಒಂದೇ ಜೋಡಿ ತಂತಿ ಹಾಕಿದ್ದ. ರಿಸೀವರ್ ಎತ್ತಿದವರಿಗೆಲ್ಲ ಎಲ್ಲರ ಮಾತೂ ಕೇಳುತ್ತಿತ್ತು. ಗಂಟೆ ಹೊಡೆಯದಿದ್ದರೂ ಮೇಲೆ ಅಣ್ಣ ರಿಸೀವರ್ ಎತ್ತಿ ಹಿಡಿದೇ ಇದ್ದ. "ಸುಳ್ಳು..." ಎಂದಿತು ಅಣ್ಣನ ಸ್ವರ. "ಮಾತ್ರೆ... ಅವನ ಹತ್ರಾನೇ ಇದೆ." ಹೊಲಿಗೆ ಕೋಣೆಯ ರಿಸೀವರ್ ನೆಲಕ್ಕೆ ಬಡಿಯಿತು. ಗೇಟಿನವನನ್ನು ಕೂಗಿ ಕರೆಯುತ್ತ ಅತ್ತಿಗೆ ಓಡಿದಳು, ಮೆಟ್ಟಿಲ ಕಡೆಗಲ್ಲ, ನೇರ ಶೆಡ್ಡಿನ ಕಡೆಗೆ.