ತಲೆ ಮೇಲಿನ ಬಕೆಟ್ಟು

ಯಾವ ಮನುಷ್ಯನ ಮೇಲೆ ಎರಡು ವರ್ಷದಿಂದ ಹಲ್ಲು ಕಡಿಯುತ್ತಿದ್ದೆನೋ, ಅವನ ಕೈಗೇ ನನ್ನ ಎರಡೂ ಕಣ್ಣು ಒಪ್ಪಿಸಿ ಕೂತಿದ್ದೆ ಎಂದರೆ ನನ್ನ ಹಣೆಬರಹಕ್ಕೆ ಏನನ್ನಬೇಕು?

ಅವನೇ ಇವನು ಎಂದು ಆಗ ಗೊತ್ತಿರಲಿಲ್ಲ, ಬಿಡಿ. ಅದು ಕನ್ನಡಕದಂಗಡಿಯ ಒಳಕೋಣೆ. ನನ್ನ ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಚೌಕಟ್ಟು, ಎದುರಿನ ಗೋಡೆಯಲ್ಲಿ ಬರಬರುತ್ತ ಇರುವೆಯಷ್ಟಾಗುವ ಅಕ್ಷರಗಳು. ಅವನು ಚೌಕಟ್ಟಿಗೆ ಒಂದು ಗಾಜು ಹಾಕುತ್ತಿದ್ದ, ತೆಗೆಯುತ್ತಿದ್ದ.

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?"

"ಎರಡೂ ಒಂದೇ ಥರ ಇದೆ ರೀ."

"ಒಂದೇ ಥರ ಇರಲ್ಲ ಮೇಡಂ. ಅವಸರ ಬೇಡ, ಇನ್ನೊಂದ್ಸಲ ನೋಡಿ."

ದನಿ ಚೆನ್ನಾಗಿತ್ತು. ಗಾಜು ಬದಲಿಸಲು ಬಾಗಿದಾಗಲೆಲ್ಲ ತನ್ನ ಉಸಿರು ನನ್ನ ಮುಖಕ್ಕೆ ತಾಗಬಾರದೆಂದು ಬಿಗಿಹಿಡಿಯುತ್ತಿದ್ದ. ಎಷ್ಟು ಸೂಕ್ಷ್ಮದ ಮನುಷ್ಯ ಎಂದು ಮನಸ್ಸು ಮೆತ್ತಗಾಗುವಷ್ಟರಲ್ಲಿ ಗೋಡೆ ಗಡಿಯಾರ ಹನ್ನೊಂದು ತೋರಿಸಿತು. ಅವನು "ಒಂದೇ ನಿಮಿಷ ಮೇಡಂ" ಎಂದು ನನ್ನನ್ನು ಹಾಗೇ ಬಿಟ್ಟು, ಮೊಬೈಲ್ ತೆಗೆದು ಏನೋ ಟೈಪ್ ಮಾಡಿ, ತನ್ನಷ್ಟಕ್ಕೆ ತಾನೇ ನಕ್ಕ.

ನನ್ನ ಬ್ಯಾಗಿನಲ್ಲಿ ಫೋನು ಟಿಣ್ ಎಂದಿತು. ತೆಗೆದು ನೋಡಿದೆ. ಬಲಗಣ್ಣಿಗೆ ಗಾಜು ಕೂತಿತ್ತಾದ್ದರಿಂದ ಓದಲು ಕಷ್ಟವೇನೂ ಆಗಲಿಲ್ಲ.

'ಸೌಟು: ಬಾಗಿಲಿಗೆ ಜೋಗುಳ ಹಾಡು.'

ಇಲ್ಲಿ ನನ್ನ ಗೋಳು ಸ್ವಲ್ಪ ಹೇಳಬೇಕು. ನಾನು ಇಂಟರ್ನೆಟ್ಟಿನಲ್ಲಿ ಒಂದು ಕಾಮಿಕ್ ಬರೆಯುತ್ತೇನೆ, ವಿಡಿಯೊ ಗೇಮುಗಳನ್ನು ಗೇಲಿ ಮಾಡುವಂಥದ್ದು. ಗೇಮುಗಳಲ್ಲಿ ಕೋಟೆ ಬಾಗಿಲ ಬಳಿ ಒಬ್ಬ ನಿಂತಿರುತ್ತಾನಲ್ಲ, ಎಷ್ಟು ಸಲ ಮಾತಾಡಿಸಿದರೂ "ಮುಂದೆ ಅಪಾಯವಿದೆ, ಹುಷಾರು" ಎಂಬ ಒಂದೇ ಸಾಲು ಒದರುವವನು, ಆ ದಫೇದಾರನೇ ನನ್ನ ನಾಯಕ. ಬಾಗಿಲ ಆಚೆ ಒಂದು ಮದ್ದಿನಂಗಡಿ. ಗಾಯಗೊಂಡ ವೀರರಿಗೆ ಔಷಧಿ ಮಾರುವ ಹುಡುಗಿ ಅಲ್ಲಿದ್ದಾಳೆ. ಅವಳೆಂದರೆ ಇವನಿಗೆ ಪ್ರಾಣ. ಇವನು ಬಾಗಿಲು ದಾಟಿ ಅವಳನ್ನು ಸೇರಬೇಕು. ಕಥೆ ಅಷ್ಟೇ.

ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಹೊಸ ಪುಟ ಬರುತ್ತದೆ. ದಫೇದಾರ ಮುಂದೇನು ಮಾಡಬೇಕು ಎಂದು ಓದುಗರು ಹೇಳುತ್ತಾರೆ. ಮೊದಲು ಬಂದ ಸಲಹೆ ಏನೇ ಇರಲಿ, ಅದನ್ನೇ ಬಿಡಿಸುತ್ತೇನೆ. ನಾನೇ ಮಾಡಿದ ನಿಯಮ, ಒಂದು ಸಲವೂ ಮುರಿದಿಲ್ಲ. ಆ ನಿಯಮವನ್ನೇ ಹಿಡಿದು ನನ್ನ ಹೊಟ್ಟೆ ಉರಿಸಿದವನು ಈ ಸೌಟು ಎಂಬ ಹೆಸರಿನ ಓದುಗ. ಯಾವಾಗಲೂ ಅವನೇ ಮೊದಲು. 'ಬಕೆಟ್ ತಲೆಗೆ ಹಾಕಿಕೊ' ಎಂದ. ಹಾಕಿಸಿದೆ. ಇಳಿಸು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಅದು ಇನ್ನೂ ತಲೆ ಮೇಲೇ ಇದೆ. 'ಕಲ್ಲಿನ ಜೊತೆ ಜಗಳ ಆಡು', 'ಹಿಮ್ಮುಖವಾಗಿ ನಡೆ'. ಓದುಗರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ನಾನು ಪ್ರೀತಿಯ ಕಥೆ ಬರೆಯಲು ಕೂತಿದ್ದೆ ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು.

"ಸೌಟು ನೀವೇನಾ?" ಎಂದೆ.

ಅವನ ಕೈಯಿಂದ ಗಾಜು ಜಾರಿತು. "ನಿಮಗೆ ಹೇಗೆ..."

"ಜೋಗುಳ! ಬಾಗಿಲಿಗೆ! ಎರಡು ವರ್ಷ ಆಯ್ತು ಕಣ್ರೀ, ಅವನು ಒಂದು ಹೆಜ್ಜೆ ಮುಂದೆ ಇಟ್ಟಿಲ್ಲ. ನನ್ನ ಕಥೆ ಹಾಳು ಮಾಡೋಕೆ ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

"ಅಯ್ಯೋ... ಅದನ್ನ ಬರೆಯೋರು ನೀವಾ?" ಗಾಜಿಲ್ಲದ ಎಡಗಣ್ಣಿಗೆ ಅವನ ಮುಖ ಮಸುಕಾಗಿತ್ತು. ಕಿವಿ ಕೆಂಪಾದದ್ದು ಮಾತ್ರ ಬಲಗಣ್ಣಿಗೆ ಸ್ಪಷ್ಟವಾಗಿ ಕಂಡಿತು. "ಹಾಳು ಮಾಡ್ಬೇಕು ಅಂತಲ್ಲ ಮೇಡಂ. ಮೊದಲನೇ ಪುಟದಲ್ಲಿ ನೀವೇ ಬರೆದಿದ್ರಿ, ಅವರಿಬ್ಬರು ಸೇರಿದ ದಿನ ಕಥೆ ಮುಗಿಯುತ್ತೆ ಅಂತ."

"ಹೌದು. ಅದಕ್ಕೆ?"

"ಮುಗೀದಿರಲಿ ಅಂತ."

ಎಂಥ ಉತ್ತರ ನೋಡಿ! ನನ್ನ ಮೈಯೆಲ್ಲ ಉರಿದುಹೋಯಿತು.

"ಬೆಳಿಗ್ಗೆ ಎದ್ದು ನಗೋಕೆ ನಿಮಗೇನೋ ಒಂದು ಬೇಕು ಅಂತ, ಆ ಹುಡುಗಿ ಬಾಗಿಲಾಚೆ ಕಾಯ್ತಾನೇ ಕೂತಿರ್ಬೇಕಾ? ಅವಳಿಗೇನು ಆಸೆ ಇಲ್ವಾ?"

ಹಾಗೆಂದು ಎದ್ದು ದುಡುದುಡು ಹೊರಟುಬಿಟ್ಟೆ. ರಸ್ತೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಡಲಿ, ನ್ಯಾಯ ನನ್ನ ಕಡೆಗಿದೆ ಎಂದುಕೊಂಡೆ. ಮೂಲೆ ತಿರುಗುವಾಗ ಹಿಂದಿನಿಂದ ಅವನು ಏದುಸಿರು ಬಿಡುತ್ತ ಓಡಿಬಂದ.

"ಮೇಡಂ, ಚೌಕಟ್ಟು!"

ಪರೀಕ್ಷೆಯ ಚೌಕಟ್ಟು ಇನ್ನೂ ನನ್ನ ಮೂಗಿನ ಮೇಲೇ ಇತ್ತು. ಕಿತ್ತು ಕೊಟ್ಟೆ.

"ಎಡಗಣ್ಣು ಬಾಕಿ ಇದೆ" ಎಂದ ಮೆಲ್ಲಗೆ. "ಇನ್ನೊಂದು ಮಾತು. ಬಕೆಟ್ ಹಾಕ್ಕೊಂಡು ಏನೂ ಕಾಣದಿದ್ರೂ, ಅವನು ಪ್ರತಿ ಪುಟದಲ್ಲೂ ಅವಳಿರೋ ಕಡೆಗೇ ಮುಖ ಮಾಡಿರ್ತಾನೆ. ಬೇಕು ಅಂತಲೇ ಹಾಗೆ ಬಿಡಿಸ್ತೀರಲ್ವಾ?"

ಹೌದು, ಬೇಕೆಂದೇ. ಯಾರೂ ಗಮನಿಸಿರಲಿಲ್ಲ. ಗಮನಿಸಿದವನು ಈ ಶನಿಯೇ ಆಗಬೇಕಿತ್ತೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ತಿರುಗಿ ನೋಡದೆ ಮನೆಗೆ ನಡೆದೆ.

ಮರುದಿನ ಜೋಗುಳದ ಪುಟ ಬಿಡಿಸಿ ಹಾಕಿದೆ. ಹನ್ನೊಂದಾಯಿತು. ಸೌಟಿನ ಸುಳಿವಿಲ್ಲ. ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದೆ. ಟಿಣ್.

'ಗುಡುಗು: ಮದ್ದಿನಂಗಡಿಗೆ ಬೆಂಕಿ ಹಚ್ಚು.'

ಯಾರೋ ಹೊಸಬ, ಗೇಮುಗಳಲ್ಲಿ ಸುಡುವುದು, ಕಡಿಯುವುದು ಬಿಟ್ಟು ಬೇರೇನೂ ಕಂಡಿಲ್ಲದವನು.

"ಬಿಡಿಸ್ತೀಯಾ?" ಎಂದಳು ಅಕ್ಕ, ಹೆಗಲ ಮೇಲಿಂದ ಇಣುಕಿ.

"ಬಿಡಿಸದೆ ಏನ್ ಮಾಡ್ಲಿ? ನಿಯಮ."

"ನಿಯಮ ನಿಂದೇ, ಅಂಗಡಿ ನಿಂದೇ, ಹುಡುಗಿನೂ ನಿಂದೇ. ಮತ್ತೆ ಬೈಕೊಳ್ತಿರೋದು ಯಾರಿಗೆ?"

"ಸೌಟಿಗೆ!"

ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಓಹೋ" ಎಂದು ನಕ್ಕು ಒಳಗೆ ಹೋದಳು. ಅದರಲ್ಲಿ ಓಹೋ ಎನ್ನುವಂಥದ್ದೇನಿತ್ತು?

ಅಳುತ್ತ ಬಿಡಿಸಿದೆ. ಬಕೆಟ್ಟಿನೊಳಗೆ ಕಣ್ಣು ಕಾಣದ ದಫೇದಾರ ಉರಿಯುವ ಪಂಜನ್ನು ಬಾಗಿಲ ಮೇಲಿಂದ ಆಚೆ ಎಸೆದ. ಕೊನೆಯ ಚಿತ್ರದಲ್ಲಿ ಅಂಗಡಿಯ ಸೂರಿಗೆ ಬೆಂಕಿ, ಕಿಟಕಿಯಲ್ಲಿ ಅವಳು. ಬಿಡಿಸುತ್ತಿದ್ದಾಗಲೇ ನನಗೆ ಹೊಳೆದದ್ದು, ಸೌಟು ಹೇಳಿದ ಅಷ್ಟೂ ತರಲೆಗಳಲ್ಲಿ ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಅವನಿದ್ದಷ್ಟು ದಿನ ಅವಳು ಕಾಯುತ್ತಿದ್ದಳು, ನಿಜ. ಆದರೆ ಸುರಕ್ಷಿತವಾಗಿದ್ದಳು.

ಮರುದಿನ ಪುಟ ತನ್ನಷ್ಟಕ್ಕೆ ಹನ್ನೊಂದಕ್ಕೆ ಬರುವಂತೆ ಹೊಂದಿಸಿಟ್ಟು ಕನ್ನಡಕದಂಗಡಿಗೆ ನುಗ್ಗಿದೆ. ಕುರ್ಚಿಯಲ್ಲಿ ಒಬ್ಬರು ಅಜ್ಜಿ ಚೌಕಟ್ಟು ತೊಟ್ಟು ಕೂತಿದ್ದರು. ಅವನು ಗಾಜು ಹಿಡಿದು ನಿಂತಿದ್ದ.

"ಯಾಕ್ರೀ ಸುಮ್ಮನಾದ್ರಿ?"

"ನೀವೇ ಬೈದ್ರಲ್ಲ ಮೇಡಂ."

"ಬೈದ್ರೆ ಸುಮ್ಮನಾಗ್ಬಿಡೋದಾ? ಅಲ್ಲಿ ಅಂಗಡಿ ಹೊತ್ತಿ ಉರೀತಿದೆ! ನೀವು ಒಂದು ಮಾತು ಹೇಳಿದ್ರೆ ಹೀಗಾಗ್ತಿತ್ತಾ?"

"ಹೇಳಿದ್ರೂ ತಪ್ಪು, ಹೇಳದಿದ್ರೂ ತಪ್ಪಾ?"

"ಹೌದು! ಎರಡೂ ತಪ್ಪು!"

ಅವನು ನಗಲಿಲ್ಲ. "ನೀವು ಹೇಳಿದ್ದು ಸರಿ ಇತ್ತು. ಅವಳು ಕಾಯ್ತಿರ್ತಾಳೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಈ ಕೋಣೆಲಿ ದಿನವಿಡೀ ಇದಾ, ಇದಾ ಅಂತ ಕೇಳ್ತಿರ್ತೀನಿ. ಹನ್ನೊಂದಕ್ಕೆ ನಿಮ್ಮ ಪುಟ ಬಂದ್ರೆ ಯಾರೋ ನನ್ನನ್ನ ಕೇಳಿದ ಹಾಗೆ ಅನ್ನಿಸ್ತಿತ್ತು. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗ್ಲಿಲ್ಲ."

ನನ್ನ ಬಳಿ ಇನ್ನೂ ಬೇಕಾದಷ್ಟು ಬೈಗುಳವಿತ್ತು. ಎಲ್ಲಿ ಹೋಯಿತೋ, ಒಂದೂ ಬಾಯಿಗೆ ಬರಲಿಲ್ಲ. ಗಡಿಯಾರ ನೋಡಿದೆ. ಇನ್ನೇನು ಹನ್ನೊಂದು. ಗುಡುಗು ಎಲ್ಲೋ ಬೆರಳು ಮಸೆಯುತ್ತ ಕೂತಿರುತ್ತಾನೆ. ನನ್ನ ಕಥೆಗೆ ನಾನೇ ಸಲಹೆ ಕೊಡುವಂತಿಲ್ಲ. ಅವನು ತನ್ನ ಕೈಯ ಗಾಜನ್ನೂ ಅಜ್ಜಿಯನ್ನೂ ನೋಡಿ ತಡವರಿಸಿದ.

"ನನ್ನ ಕಣ್ಣು ಎಲ್ಲಿಗೂ ಓಡಿ ಹೋಗಲ್ಲ ಕಣಪ್ಪ" ಎಂದರು ಅಜ್ಜಿ. "ಯಾವುದೋ ಹೆಣ್ಣುಮಗು ಬೆಂಕಿಲಿ ಸಿಕ್ಕಿಕೊಂಡಿದೆಯಂತೆ. ಮೊದಲು ಅದನ್ನ ನೋಡು."

ಅವನು ಸರಸರನೆ ಟೈಪ್ ಮಾಡಿದ. ಗಡಿಯಾರ ಹನ್ನೊಂದು ತೋರಿಸಿತು, ಆದರೆ ಕಳಿಸುವ ಮುಂಚೆ ಬೆರಳು ನಿಂತಿತು.

"ಇದು ಒತ್ತಿದ್ರೆ ಕಥೆ ಮುಗೀತು, ಅಲ್ವಾ?"

"ಮುಗೀತು."

ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣು ಪರೀಕ್ಷಿಸುವವನ ನೋಟವಲ್ಲ ಅದು. ನಾನು ಗೋಡೆಯ ಅಕ್ಷರಗಳನ್ನು ಓದುತ್ತ ನಿಂತೆ. ಅವನು ಒತ್ತಿದ. ಟಿಣ್.

'ಸೌಟು: ಬಕೆಟ್ ಇಳಿಸು. ನೀರು ತುಂಬು. ಬಾಗಿಲು ದಾಟು.'

ಅದರ ಬೆನ್ನಿಗೇ ಇನ್ನೊಂದು ಟಿಣ್. 'ಗುಡುಗು: ಇನ್ನಷ್ಟು ಎಣ್ಣೆ ಸುರಿ.' ಸುರಿದುಕೋ ಹೋಗಪ್ಪ ನೀನೇ, ತಡವಾಯಿತು. ಒಂದೇ ಸಲಹೆಯಲ್ಲಿ ಮೂರು ಕೆಲಸ ಇರಬಾರದೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಎರಡು ವರ್ಷ ನನ್ನ ಮಾನ ಕಳೆದ ಆ ಹಾಳು ಬಕೆಟ್ಟೇ ಕೊನೆಗೆ ಅವಳನ್ನು ಉಳಿಸಿತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಅಜ್ಜಿ ತಮ್ಮ ಚೀಟಿ ಹಿಡಿದು ಹೊರಟ ಮೇಲೆ ನಾನು ಕುರ್ಚಿಯಲ್ಲಿ ಕೂತೆ. ಎಡಗಣ್ಣು ಬಾಕಿ ಇತ್ತಲ್ಲ. ಅವನು ಬಾಗಿ ಗಾಜು ಹಾಕಿದ. ಈ ಸಲ ಉಸಿರು ಹಿಡಿಯಲು ಮರೆತಿದ್ದ.

"ಇದರಲ್ಲಾ, ಇದರಲ್ಲಾ?"

"ಇದು." ಅವನ ಮುಖ ಪೂರ್ತಿ ಕಂಡಿತು. ಬೈಯಲು ಯೋಗ್ಯವಾದ ಮುಖವಾಗಿರಲಿಲ್ಲ, ಅದೇ ಅನ್ಯಾಯ.

"ನಾಳೆ ಹನ್ನೊಂದಕ್ಕೆ ಕೊನೇ ಪುಟ. ಆಮೇಲೆ ನಾನೇನ್ ಮಾಡ್ಲಿ ಮೇಡಂ?"

"ಮೊದಲು ಬಂದ ಸಲಹೆ ಪಾಲಿಸ್ತೀರಾ?"

"ನಿಯಮ ಅಂದ್ಮೇಲೆ ನಿಯಮ."

"ಹಾಗಾದ್ರೆ ಕೇಳಿ." ದಫೇದಾರನಿಗೆ ಹೇಳುವ ಹಾಗೆಯೇ ಹೇಳಿದೆ. "ಅಂಗಡಿ ಬಾಗಿಲು ಹಾಕು. ನನ್ನ ಜೊತೆ ನಡೆ."

ಅವನ ಕಿವಿ ಮತ್ತೆ ಕೆಂಪಾದವು. ಈಗ ಎರಡೂ ಕಣ್ಣಿಗೆ ಸ್ಪಷ್ಟವಾಗಿ ಕಂಡವು.

"ನನ್ನ ಮೇಲಿನ ಕೋಪ ಇನ್ನೂ ಮುಗಿದಿಲ್ವಾ?" ಎಂದು ಕೇಳಿದ.

ನಾನು ಚೌಕಟ್ಟು ತೆಗೆದು ಅವನ ಅಂಗೈ ಮೇಲಿಟ್ಟೆ.

"ಮುಗೀದಿರಲಿ ಅಂತ" ಎಂದೆ.