ಸದಾಶಿವಪ್ಪನವರ ರೆಕಾರ್ಡುಗಳು

ಬಾಗಿಲು ತೆರೆದ ಜಗದಾಂಬ ಹೊರಗೆ ನಿಂತ ಈಶ್ವರನನ್ನು ಗುಜರಿಯವನೆಂದೇ ತಿಳಿದಳು. ಹಿತ್ತಲಲ್ಲಿ ಕಬ್ಬಿಣದ ಮಂಚವಿದೆ, ಒಯ್ದುಬಿಡಿ ಎಂದಳು.

ಈಶ್ವರ್ ಶಿಕಾರಿಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಸಭೆ, ಚುನಾವಣೆ ಎಂದು ದಿನವಿಡೀ ಗದ್ದಲದಲ್ಲಿ ದಣಿಯುವ ಅವನಿಗೆ ಒಂದೇ ಹುಚ್ಚು: ಹಾಡುವವರೇ ಇಲ್ಲದ, ಪಿಟೀಲು, ಪಿಯಾನೋಗಳು ಮೆಲ್ಲಗೆ ನುಡಿಯುವ ಹಳೆಯ ಆರ್ಕೆಸ್ಟ್ರಾ ರೆಕಾರ್ಡುಗಳು. ತೊಂಬತ್ತೈದನೇ ಇಸವಿಯಲ್ಲಿ ಊರೆಲ್ಲ ಕ್ಯಾಸೆಟ್ ಕೊಳ್ಳುತ್ತಿದ್ದರೆ ಅವನು ಎಲ್‌ಪಿ ರೆಕಾರ್ಡು ಹುಡುಕಿಕೊಂಡು ಅಲೆಯುತ್ತಿದ್ದ. ವಯಸ್ಸು ನಲವತ್ತು ದಾಟಿತ್ತು. ಅವನಿಗೆ ಹೆಣ್ಣು ನೋಡುವುದನ್ನು ಮನೆಯವರೂ ಬಿಟ್ಟಿದ್ದರು. ಸೊರಬದಲ್ಲಿ ಟೆಂಟ್ ಸಿನಿಮಾ ನಡೆಸುತ್ತಿದ್ದ ಸದಾಶಿವಪ್ಪನವರು ತೀರಿಕೊಂಡರೆಂದೂ, ಆಟಕ್ಕೆ ಮುಂಚೆ ಅವರು ಹಾಕುತ್ತಿದ್ದ ರೆಕಾರ್ಡುಗಳು ಮಗಳ ಬಳಿ ಇವೆಯೆಂದೂ ಕೇಳಿ ಬಂದಿದ್ದ.

ವಿಷಯ ತಿಳಿದು ಜಗದಾಂಬಳಿಗೆ ನಾಚಿಕೆಯಾಯಿತು. ಕಾಫಿ ಕೊಟ್ಟು, ಟ್ರಂಕು ತೆರೆದಳು. ಅಪ್ಪ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದರಂತೆ. ರಾತ್ರಿ ಎಷ್ಟೋ ಸಲ ಕರೆದು ಎಬ್ಬಿಸುತ್ತಿದ್ದರಂತೆ, ನೋಡಿಕೊಳ್ಳಲು ಮದುವೆಯಾಗದ ಅವಳೊಬ್ಬಳೇ. ಸಂಜೆ ಅವಳು ಶಾಲೆಯಲ್ಲಿ ಪಾಠ ಮುಗಿಸಿ ಬಂದು ರೆಕಾರ್ಡು ಹಾಕಿದರಷ್ಟೇ ತುತ್ತು ನುಂಗುತ್ತಿದ್ದರಂತೆ.

“ದುಡ್ಡು ಬ್ಯಾಡ. ಎಲ್ಲಾ ತಗಂಡು ಹೋಗಿಬಿಡ್ರಿ,” ಎಂದಳು. “ಈ ಪಿಟೀಲು ಕೇಳಿದ್ರೆ ಅಪ್ಪನ ಬೆನ್ನಿನ ಹುಣ್ಣೇ ಕಣ್ಣಿಗೆ ಬರ್ತದೆ.”

ಅವನು ತೊಡೆಯ ಮೇಲೆ ಹಿಡಿಯುವಷ್ಟೇ ಒಯ್ದ. ಬಸ್ಸಿನ ನೂಕಾಟದಲ್ಲಿ ಒಡೆದಾವು ಎಂದು ನೆಪ ಹೇಳಿದ. ಮುಂದಿನ ಭಾನುವಾರ ಮತ್ತಷ್ಟು, ಅದರ ಮುಂದಿನ ಭಾನುವಾರ ಇನ್ನಷ್ಟು. ಮೂರನೆಯ ಸಲ ಕಾಫಿ ಕೊಡುತ್ತ ಅವಳು, ಮೈಕ್ ಸೆಟ್ಟನ್ನು ಊರೂರಿಗೆ ಹೇಗೆ ಸಾಗಿಸುತ್ತೀರಿ ಎಂದು ಕೇಳಿದಳು.

“ವ್ಯಾನಿನಲ್ಲಿ,” ಎಂದುಬಿಟ್ಟ.

ಅವಳು ಅವನನ್ನು ನೋಡಿದಳು. ಅವನು ಲೋಟ ನೋಡಿದ. ಅವನ ಕಿವಿ ಕೆಂಪಾದದ್ದನ್ನು ಕಂಡು ಅವಳು ಸೆರಗಿನಲ್ಲಿ ನಗು ಒರೆಸಿಕೊಂಡು ಒಳಗೆ ಹೋದಳು. ಎಷ್ಟೋ ವರ್ಷದ ಮೇಲೆ ಬಂದ ನಗು. ಕೆನ್ನೆಗೇ ಅದು ಹೊಸದೆನಿಸಿತು.

ನಾಲ್ಕನೆಯ ಭಾನುವಾರ ಟ್ರಂಕು ಖಾಲಿಯಾಯಿತು. ಅವಳು ಮುಚ್ಚಳ ಹಾಕಿದಳು.

ಶಿಕಾರಿಪುರದಲ್ಲಿ ಈಶ್ವರ್ ಒಂದೊಂದೇ ರೆಕಾರ್ಡು ಹಾಕಿದ. ಇಷ್ಟು ದಿನ ಹಂಬಲಿಸಿದ ಸಂಗೀತವೇ. ಆದರೆ ಕೇಳುತ್ತ ಕೂತರೆ, ತಟ್ಟೆ ಹಿಡಿದು ಅಪ್ಪನ ಮಂಚದ ಪಕ್ಕ ನಿಂತ ಒಬ್ಬ ಹೆಣ್ಣುಮಗಳು ಕಾಣುತ್ತಿದ್ದಳು. ಅರ್ಧಕ್ಕೇ ಮುಳ್ಳು ಎತ್ತಿಟ್ಟ. ಎರಡು ಭಾನುವಾರ ತಡೆದುಕೊಂಡ. ಮೂರನೆಯದಕ್ಕೆ ಬರಿಗೈಯಲ್ಲಿ ಸೊರಬದ ಬಸ್ಸು ಹತ್ತಿದ.

ಇನ್ನು ರೆಕಾರ್ಡು ಇಲ್ಲವಲ್ಲ ಎಂದಳು ಬಾಗಿಲಲ್ಲಿ.

“ಗೊತ್ತು. ನಿಮ್ಮನ್ನ ಮದುವೆಗೆ ಕೇಳಾಕೆ ಬಂದೀನಿ,” ಎಂದ. “ನೀವು ಹೂಂ ಅಂದ್ರೆ ಅವನ್ನೆಲ್ಲ ಮಾರಿಬಿಡ್ತೀನ್ರಿ.”

ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

“ಮಾರಬೇಡ್ರಿ. ಇನ್ನೊಬ್ಬರಿಗೋಸ್ಕರ ತನ್ನ ಆಸೆ ಬಿಟ್ಟವರ ಸುಸ್ತು ಎಂಥದ್ದು ಅಂತ ನಂಗೊತ್ತು. ನಾ ಮಲಗಿದಾಗ ಮಾತ್ರ ಹಾಕಬೇಡ್ರಿ. ನಂದು ಭಾಳ ನಿದ್ದೆ ಬಾಕಿ ಐತೆ.”

ರಿಜಿಸ್ಟರ್ ಮದುವೆಯಾದ ಮರುದಿನ ಮಧ್ಯಾಹ್ನ, ಅಂಗಡಿ ನೋಡಲು ಬಂದವಳು ಕುರ್ಚಿಗೆ ಒರಗಿದವಳೇ ನಿದ್ದೆಹೋದಳು. ಮೈಕ್ ಕೇಳಿ ಬಂದ ಗಿರಾಕಿಯನ್ನು ಈಶ್ವರ್ ರಸ್ತೆಯಲ್ಲೇ ತಡೆದು, ಸಂಜೆ ಬನ್ನಿ ಎಂದು ಪಿಸುಗುಟ್ಟಿ ಕಳಿಸಿದ.

ಬಿಸಿಲು ಇಳಿದಾಗ ಅವಳು ಬೆಚ್ಚಿ ಎದ್ದಳು. ಯಾರೋ ಕರೆದಂತಾಯಿತು ಎಂದಳು.

“ಯಾರೂ ಕರೆದಿಲ್ಲ,” ಎಂದ. “ಮಲಕ್ಕೋ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮತ್ತೆ ಕಣ್ಣು ಮುಚ್ಚಿದಳು.