ಅಮ್ಮ ಆರಿಸಿದ ಎರಡು ಹಾಡು

ತನ್ನ ಮದುವೆಗೆ ರೆಕಾರ್ಡು ಹಾಕುವುದು ಬೇಡ, ಎದುರಿಗೇ ಕೂತು ನುಡಿಸುವವರು ಬೇಕು ಎಂದು ತಂಗಿ ಹಟ ಹಿಡಿದಳು. ಹಾಗಾಗಿ ಒಂದು ಮಧ್ಯಾಹ್ನ ನಾವಿಬ್ಬರೂ ಪಿಟೀಲು ನುಡಿಸುವವರೊಬ್ಬರ ಮನೆಗೆ ಹೋದೆವು. ಹೊರಗೆ ಸುಡುಬಿಸಿಲು. ಅವರ ಕೋಣೆಯಲ್ಲಿ ಮಾತ್ರ ಮೈ ನಡುಗುವಷ್ಟು ಚಳಿ. ಫ್ಯಾನ್ ಕೂಡ ತಿರುಗುತ್ತಿರಲಿಲ್ಲ.

ಮದುವೆಯ ತಾರೀಖು ಹೇಳುತ್ತಿದ್ದಂತೆ ಅವರು, "ಮತ್ಯಾಕೆ ಬಿಸಿಲಲ್ಲಿ ಬರೋಕೆ ಹೋದ್ರಿ? ಬೆಳಿಗ್ಗೆನೇ ನಿಮ್ಮಮ್ಮ ಬಂದು ಹಾಡು ಆರಿಸಿ ಹೋದ್ರಲ್ಲ," ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ಅಮ್ಮನಿಗೆ ಲಕ್ವ ಹೊಡೆದು ಹನ್ನೊಂದು ತಿಂಗಳಾಗಿತ್ತು. ಮಗ್ಗುಲು ಬದಲಿಸಲೂ ನಾನೇ ಬೇಕು. ಮಾತಂತೂ ನಿಂತೇ ಹೋಗಿತ್ತು.

"ಬೇರೆ ಯಾರೋ ಇರಬೇಕು," ಎಂದೆ.

"ಎಡಗೆನ್ನೆ ಮೇಲೆ ಸುಟ್ಟ ಕಲೆ ಇದೆಯಲ್ಲ, ಅವರೇ. ಎರಡು ಹಾಡು ಹೇಳಿದ್ರು. ಒಂದು, ಮದುಮಕ್ಕಳು ಒಳಗೆ ಬರುವಾಗ. ಇನ್ನೊಂದು, ಗಂಡು ಬರದೇ ಇದ್ರೆ."

ಆ ಕಲೆ ಅಮ್ಮನದೇ. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಅಕ್ಕಾ, ಏಳು, ಹೋಗೋಣ." ಪಕ್ಕದ ಖಾಲಿ ಕುರ್ಚಿಯಿಂದ ಅಮ್ಮನಿಗೆ ತಿಕ್ಕುವ ನೋವಿನೆಣ್ಣೆಯ ವಾಸನೆ ಬರುತ್ತಿತ್ತು.

ಆ ಪಿಟೀಲಿನವರಿಗೆ ಬೇಡವೆಂದು ಹೇಳಿಬಿಟ್ಟೆವು. ಮದುವೆ ವಾದ್ಯವಿಲ್ಲದೇ ನಡೆಯಿತು. ಗಂಡು ಹೊತ್ತಿಗೆ ಸರಿಯಾಗಿ ಬಂದ. ತಂಗಿ ಈಗ ಸುಖವಾಗಿದ್ದಾಳೆ.

ಅವಳಿಗೆ ಒಂದು ವಿಷಯ ಮಾತ್ರ ಹೇಳಿಲ್ಲ. ಅವತ್ತು ಮನೆಗೆ ಬಂದವಳೇ ನಾನು ಅಮ್ಮನ ಹೊದಿಕೆ ಸರಿಸಿ ನೋಡಿದೆ. ಎರಡೂ ಅಂಗಾಲುಗಳಿಗೆ ಬೀದಿಯ ಧೂಳು ಮೆತ್ತಿತ್ತು, ಬೆರಳುಸಂದಿಯಲ್ಲಿ ಸಣ್ಣ ಕಲ್ಲುಗಳಿದ್ದವು. ಒದ್ದೆ ಬಟ್ಟೆಯನ್ನು ಮೂರು ಸಲ ಹಿಂಡಿ ಒರೆಸಿದೆ. ಅಷ್ಟು ಹೊತ್ತೂ ಅಮ್ಮ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.